ಹಳ್ಳಕ್ಕಿಳಿಯದ ಪಾಠ

ಕಳೆದ ಡಿಸೆಂಬರಿನಲ್ಲಿ ಬಯಲುಸೀಮೆಯ ಶಾಲೆಯೊಂದರ ಪ್ರವಾಸದ ಬಸ್ಸು ನಮ್ಮೂರಿನ ಕಾನಿನ ಅಂಚಿನಲ್ಲಿ ನಿಂತಿತು. ಯಾಣವನ್ನು ಮುಗಿಸಿ ಉಂಚಳ್ಳಿ ಜಲಪಾತಕ್ಕೆ ಹೊರಟಿದ್ದ ಬಸ್ಸು. ಅದರ ಹಣೆಯ ಮೇಲೆ 'ಪರಿಸರ ಅಧ್ಯಯನ ಪ್ರವಾಸ' ಎಂಬ ಬಟ್ಟೆಯ ಫಲಕ ಕಟ್ಟಿತ್ತು. ಐವತ್ತಕ್ಕೂ ಹೆಚ್ಚು ಮಕ್ಕಳು ಇಳಿದು ಹಳ್ಳದ ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಸಿಕೊಂಡರು, ಬುತ್ತಿ ಬಿಚ್ಚಿ ಉಂಡರು. ಬಿಸಾಡಿದ ಪ್ಲಾಸ್ಟಿಕ್ ತಟ್ಟೆಗಳನ್ನು ಅವರ ಶಿಕ್ಷಕರೇ ಹೆಕ್ಕಿ ಚೀಲಕ್ಕೆ ತುಂಬಿದರು. ಆ ಮಟ್ಟಿಗೆ ಅವರನ್ನು ಮೆಚ್ಚಲೇಬೇಕು. ನಲವತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಒಬ್ಬಳು ಮಾತ್ರ ಊಟ ಮುಗಿದ ಮೇಲೂ ನೀರಿಗೆ ಕಾಲಿಳಿಬಿಟ್ಟು ಕುಳಿತಿದ್ದಳು. ನಮ್ಮಲ್ಲೊಬ್ಬರು ಒಂದು ಕಲ್ಲನ್ನು ಮಗುಚಿ, ಅದರ ಅಡಿಯಲ್ಲಿ ಅಂಟಿಕೊಂಡಿದ್ದ ಹುಳುವಿನ ಪುಟ್ಟ ಮರಳಿನ ಮನೆಯನ್ನು ತೋರಿಸಿದಾಗ ಅವಳು ಕೇಳಿದಳು: "ನಮ್ಮ ಚಿಮ್ಮಡದಾಗೂ ಹಳ್ಳ ಐತ್ರಿ. ಅದನ್ನ ಯಾರೂ ಹಿಂಗ ತಿರುವಿ ತೋರಿಸಿಲ್ಲಲ್ರಿ, ಯಾಕ?" ಉತ್ತರ ಹೇಳುವಷ್ಟರಲ್ಲಿ ಸೀಟಿ ಊದಿದರು. ಬಸ್ಸು ಹೊರಟುಹೋಯಿತು.

ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಬರೆಯಬೇಕಾಯಿತು. ಉತ್ತರ ಕೊಡಬೇಕಾದವರು ನಾವೊಬ್ಬರೇ ಅಲ್ಲವೆಂಬುದನ್ನೂ ಹೇಳಬೇಕಾಗಿದೆ.

ಚಿಮ್ಮಡ ಎಲ್ಲಿದೆಯೆಂದು ಮಲೆನಾಡಿನ ನಮ್ಮ ಓದುಗರಲ್ಲಿ ಹಲವರು ಕೇಳಬಹುದು. ಬಾಗಲಕೋಟೆ ಜಿಲ್ಲೆಯ ರಬಕವಿ, ಬನಹಟ್ಟಿ, ಮಹಾಲಿಂಗಪುರಗಳ ಸೀಮೆಯ ಊರದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ, ನಡುವೆ ಎರೆಭೂಮಿ ಮತ್ತು ಕಬ್ಬು. ಆ ಎರಡೂ ನದಿಗಳು ಹುಟ್ಟುವುದು ನಾವು ಕುಳಿತಿರುವ ಇದೇ ಸಹ್ಯಾದ್ರಿಯ ಬೆನ್ನಿನ ಮೇಲೆ. ನಮ್ಮ ಹಳ್ಳಗಳು ಪಶ್ಚಿಮಕ್ಕೆ ಇಳಿದು ಅಘನಾಶಿನಿಯನ್ನೂ ಬೇಡ್ತಿಯನ್ನೂ ಸೇರಿದರೆ, ಇನ್ನಷ್ಟು ಉತ್ತರದಲ್ಲಿ ಅದೇ ಬೆಟ್ಟಸಾಲಿನ ಪೂರ್ವದ ಇಳಿಜಾರಿನ ಹಳ್ಳಗಳು ಚಿಮ್ಮಡದ ಕಡೆಗೆ ಹರಿಯುತ್ತವೆ. ಬೆಟ್ಟದಲ್ಲಿ ಕೆಟ್ಟದ್ದು ಬಯಲಿಗೆ ತಿಳಿಯದೆ ಇರುವುದಿಲ್ಲ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟು ಕೃಷ್ಣೆಯ ಉಪನದಿಯೊಂದರ ನೀರನ್ನು ವಿದ್ಯುತ್ತಿಗಾಗಿ ಪಶ್ಚಿಮಕ್ಕೆ ತಿರುಗಿಸಿ ಅರಬ್ಬೀ ಸಮುದ್ರದ ಕಡೆಗೆ ಕಳುಹಿಸುತ್ತದೆ. ಬೇಸಗೆಯಲ್ಲಿ ಹಿಪ್ಪರಗಿ ಬ್ಯಾರೇಜಿನ ಹಿಂದೆ ಕೃಷ್ಣೆ ಬತ್ತಿದಾಗ ಆ ಸೀಮೆಯ ಜನ ಕೊಯ್ನಾದ ಕಡೆಗೆ ಮುಖ ಮಾಡಿ ಕಾಯುತ್ತಾರೆ. ಮಳೆಗಾಲದಲ್ಲಿ, 2005, 2009 ಮತ್ತು 2019ರಲ್ಲಿ ಆದಂತೆ, ಅದೇ ನದಿ ಊರುಗಳೊಳಗೆ ನುಗ್ಗುತ್ತದೆ. ಹೊಳೆ ಎಂದರೇನು, ಅದು ಎಲ್ಲಿಂದ ಬರುತ್ತದೆ, ಯಾರು ಅದನ್ನು ಹಿಡಿದಿಟ್ಟಿದ್ದಾರೆ ಎಂಬುದನ್ನು ಕಲಿಯುವ ತುರ್ತು ಚಿಮ್ಮಡದ ಮಗುವಿಗೆ ಇರುವಷ್ಟು ಇನ್ನಾರಿಗಿದೆ? ಆದರೂ ಆ ಮಗುವಿಗೆ ಹೊಳೆಯ ಪಾಠವೆಂದರೆ ನೂರಾರು ಕಿಲೋಮೀಟರ್ ಆಚೆಯ ಜಲಪಾತದ ಮುಂದೆ ನಲವತ್ತು ನಿಮಿಷ.

ನಮ್ಮ ಆಕ್ಷೇಪವು ಪ್ರವಾಸದ ಬಗ್ಗೆ ಅಲ್ಲ. ಮಕ್ಕಳು ಬೆಟ್ಟ ನೋಡಲಿ, ಸಮುದ್ರ ನೋಡಲಿ. ಆದರೆ ಪ್ರವಾಸವನ್ನೇ ಅಧ್ಯಯನವೆಂದು ದಾಖಲೆಯಲ್ಲಿ ಬರೆದುಕೊಂಡು, 'ಪರಿಸರ'ವೆಂಬುದು ತಮ್ಮ ಊರಿನಲ್ಲಿ ಇಲ್ಲದ ಒಂದು ವಸ್ತು, ಬಸ್ಸಿನ ಬಾಡಿಗೆ ಕೊಟ್ಟು ನೋಡಿ ಬರಬೇಕಾದದ್ದು ಎಂಬ ಭಾವನೆಯನ್ನು ಎಳೆಯ ಮನಸ್ಸುಗಳಲ್ಲಿ ಬಿತ್ತುವುದನ್ನು ನಾವು ವಿರೋಧಿಸುತ್ತೇವೆ. ಕಾಡೆಂದರೆ ಹಸಿರು, ಎತ್ತರ, ಮಂಜು. ಹೊಳೆಯೆಂದರೆ ಬೆಳ್ಳನೆಯ ನೊರೆ. ಹೀಗೆ ಕಲಿತ ಮಗು ತನ್ನೂರಿನ ಮುಳ್ಳುಕಂಟಿಯನ್ನು ಕಾಡೆಂದು ಒಪ್ಪುವುದಿಲ್ಲ. ಆರು ತಿಂಗಳು ಒಣಗಿರುವ ಹಳ್ಳವನ್ನು ಹೊಳೆಯೆಂದು ಕರೆಯುವುದಿಲ್ಲ. ನಾಳೆ ಯಾರೋ ಬಂದು ಆ ಕಂಟಿಯನ್ನು ಸವರಿದರೆ, ಹಳ್ಳವನ್ನು ಮುಚ್ಚಿ ಗದ್ದೆಗೆ ಸೇರಿಸಿಕೊಂಡರೆ, ಅದು ನಷ್ಟವೆಂದು ಹೇಳಲು ಬೇಕಾದ ಮಾತುಗಳೇ ಆ ಮಗುವಿನ ಬಳಿ ಇರುವುದಿಲ್ಲ.

ಒಂದು ಹಳ್ಳದಲ್ಲಿ ಒಂದು ದಿನವಿಡೀ ಕುಳಿತರೆ ಏನು ಕಲಿಯಬಹುದೆಂಬುದನ್ನು, ನಮಗೆ ಪರಿಚಿತವಾದ ಕಾನಿನ ಹಳ್ಳದಿಂದಲೇ ಹೇಳುತ್ತೇವೆ. ಬೆಳಗ್ಗೆ ಏಳಕ್ಕೆ ಇಳಿಯಬೇಕು. ಬೇಕಾದ ಸಲಕರಣೆ ಒಂದು ಚಹಾ ಸೋಸುವ ಜರಡಿ, ಒಂದು ಬಿಳಿಯ ತಟ್ಟೆ, ಒಂದು ಉಷ್ಣಮಾಪಕ, ಒಂದು ನೋಟುಪುಸ್ತಕ. ಮೊದಲ ಗಂಟೆ ಏನೂ ಕಾಣುವುದಿಲ್ಲ. ಮಕ್ಕಳು ಬೇಸರಪಡುತ್ತಾರೆ, ಪಡಲಿ. ಆಮೇಲೆ ನೀರಿನಲ್ಲಿ ಕೊಳೆತ ಎಲೆಗಳ ಒಂದು ಹಿಡಿಯನ್ನು ತಟ್ಟೆಗೆ ಸುರಿದರೆ ತಟ್ಟೆ ಚಲಿಸತೊಡಗುತ್ತದೆ. ಎಲೆಯ ಚೂರುಗಳನ್ನು ಹೆಣೆದು ಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳು, ಚಪ್ಪಟೆ ಮೈಯ ಮೇಫ್ಲೈ ಮರಿ, ಏರೋಪ್ಲೇನ್ ಚಿಟ್ಟೆಯ ಹಸಿದ ಮರಿ. ನೆರಳಿನ ಸಣ್ಣ ಹಳ್ಳದಲ್ಲಿ ಆಹಾರವು ಬಹುಪಾಲು ನೀರಿನೊಳಗೆ ಹುಟ್ಟುವುದಿಲ್ಲ, ದಡದ ಮರದಿಂದ ಉದುರುತ್ತದೆ ಎಂಬ ಸತ್ಯ ಅಲ್ಲಿ ಕಣ್ಣಿಗೆ ಕಾಣುತ್ತದೆ. ಬಿದ್ದ ಎಲೆಯನ್ನು ಮೊದಲು ಶಿಲೀಂಧ್ರಗಳು ಮೆತ್ತಗೆ ಮಾಡುತ್ತವೆ. ಮೆತ್ತಗಾದುದನ್ನು ಕೆಲವು ಹುಳುಗಳು ಹರಿದು ತಿನ್ನುತ್ತವೆ. ಅವು ಬಿಟ್ಟ ಪುಡಿ ಕೆಳಗೆ ಹರಿದು, ಅಲ್ಲಿ ಬಲೆ ನೇಯ್ದು ಕಾದಿರುವ ಬೇರೆ ಹುಳುಗಳ ಪಾಲಾಗುತ್ತದೆ. ಅವುಗಳನ್ನು ಮೀನು ತಿನ್ನುತ್ತದೆ, ಮೀನನ್ನು ಮಿಂಚುಳ್ಳಿ. ದಡದ ಮರವನ್ನು ಕಡಿದರೆ ಹಳ್ಳ ಹಸಿಯುತ್ತದೆ ಎಂಬುದು ಘೋಷಣೆಯಲ್ಲ, ತಟ್ಟೆಯಲ್ಲಿ ಕಾಣುವ ಲೆಕ್ಕ. ಉಷ್ಣಮಾಪಕವನ್ನು ನೆರಳಿನ ಮಡುವಿನಲ್ಲೂ ಬಿಸಿಲಿಗೆ ತೆರೆದ ಜಾಗದಲ್ಲೂ ಅದ್ದಿ ನೋಡಿದರೆ ಮತ್ತೊಂದು ಪಾಠ: ಬೆಚ್ಚಗಿನ ನೀರು ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ, ಸೂಕ್ಷ್ಮ ಜೀವಿಗಳು ಅಲ್ಲಿಂದ ಮೊದಲು ಕಾಲ್ತೆಗೆಯುತ್ತವೆ.

ಮಳೆ ಹಿಡಿದ ಮೇಲಾದರೆ ಇನ್ನೊಂದು ವಿಸ್ಮಯ. ನೀರಿನ ಭೋರ್ಗರೆತದಲ್ಲಿ ಕೂಗು ಕೇಳಿಸದೆಂದು ಹಿಂಗಾಲನ್ನು ಚಾಚಿ ಬೀಸಿ ಸಂಕೇತ ಕೊಡುವ ಪುಟ್ಟ ಕಪ್ಪೆಯೊಂದು ಈ ಹಳ್ಳಗಳಲ್ಲಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರನ್ನು ಅದಕ್ಕೆ ಇಟ್ಟು 1937ರಲ್ಲಿ ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕ ಸಿ. ಆರ್. ನಾರಾಯಣ ರಾವ್. ಸಿದ್ದಾಪುರ ಸೀಮೆಯ ಕತ್ತಲೆಕಾನಿನಲ್ಲಿ, ನೀರಿನಲ್ಲೇ ನಿಂತು ಬೇರುಗಳನ್ನು ಮೇಲಕ್ಕೆತ್ತಿ ಉಸಿರಾಡುವ ರಾಮಪತ್ರೆಯ ಜಡ್ಡಿಗಳ ನಡುವೆ ಈ ಕಪ್ಪೆಯನ್ನು ನೋಡಬಹುದು. ತರಗತಿಯಲ್ಲಿ ಪಾಠ ಹೇಳುತ್ತಿದ್ದ ಅಧ್ಯಾಪಕರೊಬ್ಬರು ಹಳ್ಳಗಳಿಗಿಳಿದು ಹುಡುಕಿದ್ದರಿಂದಲೇ ಆ ಕಪ್ಪೆಗೆ ಹೆಸರು ಬಂತು. ಕೊಟ್ಟಿಗೆಹಾರದ ಶಾಲೆಯ ಎಷ್ಟು ಮಕ್ಕಳಿಗೆ ತಮ್ಮೂರಿನ ಹೆಸರನ್ನು ಹೊತ್ತ ಈ ಪ್ರಾಣಿಯ ಸಂಗತಿ ಗೊತ್ತಿದೆಯೋ ಯಾರು ಬಲ್ಲರು!

ಮುಂಗಾರು ಹಿಡಿದ ಮೇಲೆ ನಮ್ಮಲ್ಲಿ ಇಬ್ಬರು ಚಿಮ್ಮಡದ ಸೀಮೆಗೆ ಹೋದೆವು. ಹೋಗುವಾಗ ನಮಗೂ ಅಳುಕಿತ್ತು. ಬೆಟ್ಟದವರಿಗೆ ಎರೆಮಣ್ಣಿನ ಹಳ್ಳ ಏನು ಅರ್ಥವಾದೀತು? ಪೋಷಕರ ಒಪ್ಪಿಗೆ ಪಡೆದು ಹತ್ತು ಹನ್ನೆರಡು ಮಕ್ಕಳು ಜೊತೆಗೂಡಿದರು. ಹಳ್ಳದ ಎರಡೂ ದಡಗಳಲ್ಲಿ ಬಳ್ಳಾರಿ ಜಾಲಿ; ನಡುವೆ ಆಳೆತ್ತರದ ಜಂಬುಹುಲ್ಲು. ಕಬ್ಬಿನ ಹೊಲಗಳಿಂದ ಬಸಿದ ನೀರು ಮಂದವಾಗಿ ಹರಿಯುತ್ತಿತ್ತು. ಅದೇ ಜರಡಿ, ಅದೇ ಬಿಳಿಯ ತಟ್ಟೆ. ಮೇಫ್ಲೈ ಇಲ್ಲ, ಕ್ಯಾಡಿಸ್ ಇಲ್ಲ. ಬಂದದ್ದು ದಾರದೆಳೆಯಂತಹ ಕೆಂಪು ಹುಳುಗಳು. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತಹ ಹಿಮೋಗ್ಲೋಬಿನ್ ಇದೆ, ಆಮ್ಲಜನಕ ವಿರಳವಾದ ಕೆಸರಿನಲ್ಲಿಯೂ ಅವು ಬದುಕಬಲ್ಲವು ಎಂದು ವಿವರಿಸಿದೆವು. "ಅಂದ್ರ ಈ ನೀರಾಗ ಉಸಿರು ಕಮ್ಮಿ ಅಂತಾತು" ಎಂದು ಡಿಸೆಂಬರಿನ ಅದೇ ಹುಡುಗಿ ತಾನೇ ತೀರ್ಮಾನಿಸಿದಳು. ಮುಂದಿನ ಪ್ರಶ್ನೆ ತಡವಾಗಲಿಲ್ಲ: ಉಸಿರು ಯಾಕೆ ಕಮ್ಮಿಯಾಯಿತು? ಗೊಬ್ಬರವೇ, ಊರಿನ ಬಚ್ಚಲ ನೀರೇ, ಹರಿವು ನಿಂತದ್ದೇ? ಒಬ್ಬ ಹುಡುಗನ ಅಜ್ಜ ದಡದ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದವರು, ಮಣ್ಣಿನ ಮೇಲೆ ಬೆಳ್ಳಗೆ ಒಡೆದ ಸವಳನ್ನು ತೋರಿಸಿ, ಅತಿಯಾಗಿ ನೀರುಣಿಸಿ ತಮ್ಮ ಕಾಲದಲ್ಲೇ ಜವಳಾದ ಹೊಲಗಳ ಕಥೆಯನ್ನು ಬಿಚ್ಚಿದರು. ಯಾವ ಪಠ್ಯಪುಸ್ತಕ ಬರೆದವರೂ ಆ ಅಜ್ಜನನ್ನು ಕೇಳಿರಲಾರರು.

ಸಂಜೆಯ ಹೊತ್ತಿಗೆ ಮಳೆ ಹನಿಯಿತು. ರಸ್ತೆಯ ಬದಿಯ ಗುಂಡಿಗಳಲ್ಲಿ ಬಿಲದ ಕಪ್ಪೆಗಳು ಕೂಗತೊಡಗಿದವು. ಬೇಸಗೆಯುದ್ದಕ್ಕೂ ನೆಲದೊಳಗೆ ಹುದುಗಿದ್ದು, ಮೊದಲ ಮಳೆಗಳಿಗೆ ಮೇಲೆದ್ದು, ಗುಂಡಿ ಬತ್ತುವುದರೊಳಗೆ ಮರಿಗಳನ್ನು ಕಪ್ಪೆಗಳನ್ನಾಗಿ ಮಾಡಿ ಮುಗಿಸಬೇಕಾದ ಆ ಜೀವಿಯ ಅವಸರದ ಮುಂದೆ ನಮ್ಮ ಕಾನಿನ ಕಪ್ಪೆಯ ನೃತ್ಯ ಸುಖವಾಸಿಗಳ ವಿನೋದದಂತೆ ತೋರಿತು. ಬಯಲಿನ ಹಳ್ಳ ಬಡ ಹಳ್ಳವಲ್ಲ. ಅದರ ಜೀವನಕ್ರಮ ಬೇರೆ. ಒಣಗುವುದು ಅದರ ರೋಗವಲ್ಲ, ಸ್ವಭಾವ. ವರ್ಷವಿಡೀ ಕಬ್ಬಿನ ಬಸಿನೀರು ಹರಿಯುವುದೇ ಅದರ ರೋಗ. ಇದನ್ನು ಕಲಿಯಲು ನಾವು ಬೆಟ್ಟದಿಂದ ಅಲ್ಲಿಗೆ ಹೋಗಬೇಕಾಯಿತು.

ಮರುದಿನ ಮಾತು ಯಡಹಳ್ಳಿಯ ಕಡೆಗೆ ತಿರುಗಿತು. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿಯ ಕುರುಚಲು ಕಾಡನ್ನು ಸರಕಾರ 2016ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ ಚಿಂಕಾರ ಧಾಮ ಬಂದದ್ದು ಅದಾದ ಮೇಲೆ, 2019ರಲ್ಲಿ. ಎಲೆಯ ರಸದಿಂದಲೂ ಇಬ್ಬನಿಯಿಂದಲೂ ಬಹುಪಾಲು ನೀರನ್ನು ಪಡೆದು, ಕುಡಿಯುವ ನೀರಿಲ್ಲದೆಯೂ ದಿನಗಟ್ಟಲೆ ಬದುಕಬಲ್ಲ ಈ ಪುಟ್ಟ ಹುಲ್ಲೆಗೆ ಬೇಕಾದದ್ದು ದಟ್ಟ ಕಾಡಲ್ಲ. ತೆರೆದ ಹುಲ್ಲು, ಬಾರೆ, ಜಾಲಿ, ಕಾರೆ, ತಂಗಡಿಯ ಕಂಟಿ. ನಮ್ಮೊಡನಿದ್ದ ಮಕ್ಕಳಲ್ಲಿ ಒಬ್ಬರೂ ಅಲ್ಲಿಗೆ ಹೋಗಿರಲಿಲ್ಲ. ಯಾಣಕ್ಕೆ ಹೋಗಿಬಂದಿದ್ದರು.

ಇದು ಮಕ್ಕಳ ತಪ್ಪಲ್ಲ. ಶಾಲೆಯೊಂದರ ತಪ್ಪೂ ಅಲ್ಲ. ನೆಲದ ಲೆಕ್ಕವನ್ನು ಕಂದಾಯದ ಕಣ್ಣಿನಿಂದ ನೋಡುವ ರೂಢಿ ಬ್ರಿಟಿಷರ ಕಾಲದ್ದು. ತೆರಿಗೆ ತಾರದ ನೆಲವೆಲ್ಲ ಅವರಿಗೆ 'ಬಂಜರು'. ಸ್ವತಂತ್ರ ಭಾರತ 2000ದಲ್ಲಿ ಪ್ರಕಟಿಸಿದ ಬಂಜರುಭೂಮಿ ಭೂಪಟ ಸಂಪುಟದಲ್ಲಿಯೂ ಕುರುಚಲು ಭೂಮಿ ಬಂಜರಿನ ಒಂದು ವರ್ಗವೇ ಆಗಿತ್ತು. ಚಿಂಕಾರ, ತೋಳ, ಕತ್ತೆಕಿರುಬಗಳು ನೆಲೆಸಿದ ನೆಲ ಕಾಗದದ ಮೇಲೆ ಹಾಳುಭೂಮಿ! ಹಾಳೆಂದು ಕರೆದುದನ್ನು 'ಅಭಿವೃದ್ಧಿ'ಪಡಿಸಲು ಯಾರ ಅನುಮತಿಯೂ ಬೇಡವೆಂಬುದು ಅದರೊಳಗಿನ ತರ್ಕ. ಕಲ್ಲುಗಣಿಯೋ, ಕಾರ್ಖಾನೆಯೋ, ನಮ್ಮ ಸದುದ್ದೇಶದ ಅರಣ್ಯೀಕರಣವೋ, ಏನು ಬಂದರೂ ಹುಲ್ಲು ಮೊದಲು ಹೋಗುತ್ತದೆ. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಸಸಿ ನೆಟ್ಟು ಪರಿಸರ ದಿನ ಆಚರಿಸುವ ಶಾಲೆಗಳು ಅರಿಯದೆಯೇ ಚಿಂಕಾರದ ಮನೆಯನ್ನು ಕಿತ್ತುಹಾಕಬಲ್ಲವು. ಪರಿಸರದ ಪಾಠ ಸ್ಥಳಜ್ಞಾನವಿಲ್ಲದೆ ನಡೆದರೆ ಪರಿಸರಕ್ಕೇ ಹೇಗೆ ಅಪಾಯಕಾರಿಯಾದೀತೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಕಾನೂನಿನ ಬೆಂಬಲ ಇಲ್ಲವೆಂದು ಯಾರೂ ಹೇಳಬೇಕಾಗಿಲ್ಲ. ವಕೀಲ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದೇ ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಿಸಬೇಕೆಂದು ಹೇಳಿತು. ಹನ್ನೆರಡು ವರ್ಷ ಕಳೆದು 2003ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಆದೇಶಿಸಬೇಕಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿ ತರಗತಿಗಳಿಗೆಂದು ಆ ಕಾಲದಲ್ಲಿ ರೂಪಿಸಿದ ಪಠ್ಯಕ್ರಮವನ್ನು ಓದುಗರು ಗಮನಿಸಬೇಕು. ಒಟ್ಟು 50 ತರಗತಿಗಳು. ಅವುಗಳಲ್ಲಿ 5 ತರಗತಿಗಳಷ್ಟು ಸಮಯ ಹೊರಗಿನ ಅಧ್ಯಯನಕ್ಕೆ. ಸ್ಥಳೀಯ ನದಿ, ಕಾಡು, ಹುಲ್ಲುಗಾವಲು ಅಥವಾ ಬೆಟ್ಟವನ್ನು ದಾಖಲಿಸುವುದು, ಮಲಿನಗೊಂಡ ಸ್ಥಳೀಯ ಜಾಗವೊಂದನ್ನು ನೋಡುವುದು, ಸುತ್ತಲಿನ ಗಿಡ, ಕೀಟ, ಹಕ್ಕಿಗಳನ್ನು ಗುರುತಿಸುವುದು. 'ಸ್ಥಳೀಯ' ಎಂಬ ಪದ ಅಲ್ಲಿ ಸ್ಪಷ್ಟವಾಗಿತ್ತು. 100 ಅಂಕಗಳಲ್ಲಿ 25 ಇದಕ್ಕೇ ಮೀಸಲು. ನಡೆದದ್ದೇನು? ಆ ಕಾಲದ ವಿದ್ಯಾರ್ಥಿಗಳಾಗಿದ್ದ ನಮ್ಮ ಬಳಗದವರ ಅನುಭವ ಒಂದೇ: ಮಾರುಕಟ್ಟೆಯ ಗೈಡು, ಹಿರಿಯ ವಿದ್ಯಾರ್ಥಿಗಳಿಂದ ಇಳಿದುಬಂದ ವರದಿಯ ನಕಲು, ಮೇಲೆ ಹೊಸ ರಟ್ಟು. ಹೊಳೆಯನ್ನು ನೋಡದೆ ಹೊಳೆಯ ವರದಿ ಬರೆದು ಪೂರ್ಣ ಅಂಕ ಗಳಿಸಿದವರಲ್ಲಿ ಈ ಲೇಖಕನೂ ಒಬ್ಬ. ಐದು ತರಗತಿಗಳ ಸಮಯವನ್ನೂ ಹಳ್ಳಕ್ಕೆ ಕೊಡಲಾರದ ವ್ಯವಸ್ಥೆ ಅದು.

ಇದು ಅಸಾಧ್ಯವೆನ್ನುವವರಿಗೆ ಹೋಶಂಗಾಬಾದನ್ನು ನೆನಪಿಸಬೇಕು. ಈಗ ನರ್ಮದಾಪುರಂ ಎನಿಸಿಕೊಂಡಿರುವ ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿಶಾಲೆಗಳಿಂದ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಮಕ್ಕಳು ಹೊಲಕ್ಕೂ ಹೊಳೆಗೂ ಹೋಗಿ ಪ್ರಯೋಗ ಮಾಡಿ ಕಲಿತರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಲು ಅವಕಾಶವಿತ್ತು, ಏಕೆಂದರೆ ಪ್ರಶ್ನೆಗಳು ಬಾಯಿಪಾಠದವಲ್ಲ. ಸರಕಾರಿ ಶಾಲೆ, ಸಾಮಾನ್ಯ ಶಿಕ್ಷಕರು, ಬಡ ಮಕ್ಕಳು. ಮೂರು ದಶಕ ನಡೆದ ಅದನ್ನು 2002ರಲ್ಲಿ ರಾಜ್ಯ ಸರಕಾರವೇ ನಿಲ್ಲಿಸಿತು. ಸಾಧ್ಯವಾಗದ್ದರಿಂದ ನಿಂತದ್ದಲ್ಲ, ನಿಲ್ಲಿಸಿದ್ದರಿಂದ ನಿಂತದ್ದು.

ಶಿಕ್ಷಕರ ಕಷ್ಟಗಳನ್ನು ನಾವು ಅರಿಯದವರಲ್ಲ. ಮಕ್ಕಳನ್ನು ನೀರಿನ ಬಳಿ ಕರೆದೊಯ್ದು ಅನಾಹುತವಾದರೆ ಹೊಣೆ ಅವರ ತಲೆಗೆ. ಈ ಭಯ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಮೊಣಕಾಲುದ್ದದ ಊರ ಹಳ್ಳವು ಜಲಪಾತದ ಜಾರುಬಂಡೆಗಿಂತ ಅಪಾಯಕಾರಿಯೆ? ಒಂದು ಬಸ್ಸಿಗೆ ಇಬ್ಬರು ಶಿಕ್ಷಕರು ಐವತ್ತು ಮಕ್ಕಳನ್ನು ಅಪರಿಚಿತ ನೀರಿಗೆ ಕರೆದೊಯ್ಯುವುದಕ್ಕೆ ಸಿಗುವ ಒಪ್ಪಿಗೆ, ಊರಿನ ಹಿರಿಯರ ಜೊತೆಯಲ್ಲಿ ಹನ್ನೆರಡು ಮಕ್ಕಳು ಪರಿಚಿತ ಹಳ್ಳಕ್ಕೆ ಇಳಿಯುವುದಕ್ಕೆ ಏಕೆ ಸಿಗದು? ಪಠ್ಯ ಮುಗಿಯುವುದಿಲ್ಲವೆಂಬ ಮಾತನ್ನಂತೂ ನಾವು ಒಪ್ಪುವುದಿಲ್ಲ. ಆಹಾರ ಸರಪಳಿ, ಆಮ್ಲಜನಕ, ಮಣ್ಣಿನ ಲವಣ, ಸರಾಸರಿ ತೆಗೆಯುವ ಗಣಿತ, ವರದಿ ಬರೆಯುವ ಕನ್ನಡ, ಕೊಯ್ನಾದ ಭೂಗೋಳ ಇವೆಲ್ಲವೂ ಆ ಒಂದೇ ದಿನದಲ್ಲಿ ಬಂದುಹೋಗಿದ್ದವು.

ಇನ್ನು ನಮ್ಮವರ ಮಾತು. ಬಯಲಿನವರಿಗೆ ಬುದ್ಧಿ ಹೇಳಿ ಬೆಟ್ಟದವರು ಮೀಸೆ ತಿರುವುವಂತಿಲ್ಲ. ತೋಟಕ್ಕೆಂದು ಹಳ್ಳದ ತಲೆಯಲ್ಲೇ ಪೈಪು ಸಿಕ್ಕಿಸಿ ಮಾರ್ಚಿಗೇ ಹರಿವನ್ನು ಹೀರಿ ಮುಗಿಸುವವರು ನಾವೇ. ಸೊಪ್ಪಿನಬೆಟ್ಟದ ದರಕನ್ನು ಹಳ್ಳದ ದಂಡೆಯವರೆಗೂ ಗುಡಿಸಿ ಗೊಬ್ಬರದ ಗುಂಡಿಗೆ ಸುರಿಯುವವರೂ ನಾವೇ. ಎಲೆಯೇ ಹಳ್ಳದ ಅನ್ನವೆಂದು ಮೇಲೆ ಬರೆದೆವಲ್ಲ, ಆ ಅನ್ನದ ಬಟ್ಟಲನ್ನು ಕಿತ್ತುಕೊಳ್ಳುವ ಕೈ ನಮ್ಮದೇ. ನಮ್ಮ ಮಕ್ಕಳು ಹಳ್ಳದ ಪಕ್ಕದಲ್ಲೇ ಬೆಳೆದವರು, ಅವರಿಗೆ ಪಾಠ ಬೇಡವೆಂಬ ಅಹಂಕಾರ ಬೇರೆ. ಹಳ್ಳವನ್ನು ದಾಟಿ ಶಾಲೆಗೆ ಹೋಗುವ ಮಗುವಿಗೆ ಅದರ ಮೀನಿನ ನಾಲ್ಕು ಹೆಸರು ಹೇಳಲು ಬಾರದ ಸ್ಥಿತಿಯನ್ನು ನಮ್ಮ ಊರಿನಲ್ಲೇ ಕಂಡಿದ್ದೇವೆ. ಅಜ್ಜಿಗೆ ಹದಿನೈದು ಬರುತ್ತಿದ್ದವು.

ಆದುದರಿಂದ ನಮ್ಮ ಬೇಡಿಕೆ ಬಯಲಿಗೂ ಬೆಟ್ಟಕ್ಕೂ ಒಂದೇ. ಪ್ರತಿಯೊಂದು ಪ್ರೌಢಶಾಲೆಯೂ ಒಂದು ಹಳ್ಳವನ್ನೋ ಕೆರೆಯನ್ನೋ ಕಂಟಿಯನ್ನೋ ತನ್ನದೆಂದು ಗುರುತಿಸಿ, ಮಳೆಗೊಮ್ಮೆ, ಚಳಿಗೊಮ್ಮೆ, ಬೇಸಗೆಗೊಮ್ಮೆ ಇಡೀ ದಿನ ಅಲ್ಲಿ ಕಳೆಯಲಿ. ಒಂದೇ ಪುಸ್ತಕದಲ್ಲಿ ವರ್ಷವರ್ಷವೂ ಬರೆದಿಡಲಿ. ಹತ್ತು ವರ್ಷ ಕಳೆದರೆ ಆ ಪುಸ್ತಕ ಗ್ರಾಮಸಭೆಯಲ್ಲಿ ಸಾಕ್ಷ್ಯವಾಗುತ್ತದೆ. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪಂಚಾಯತಿಗಳು ಇಡಬೇಕಾದ ಜೀವವೈವಿಧ್ಯ ದಾಖಲಾತಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಾರದು. ಪ್ರವಾಸದ ಬಸ್ಸು ವರ್ಷಕ್ಕೊಮ್ಮೆ ಹೋಗುವುದಾದರೆ ಹೋಗಲಿ, ಆದರೆ ತನ್ನ ಹಳ್ಳದ ಪುಸ್ತಕವನ್ನು ಹಿಡಿದುಕೊಂಡು ಹೋಗಲಿ. ಆಗ ಇಲ್ಲಿಗೆ ಬಂದ ಮಗು ನಮ್ಮ ಹಳ್ಳವನ್ನು ತನ್ನದರೊಡನೆ ಹೋಲಿಸಿ ನಮಗೇ ಪಾಠ ಹೇಳೀತು.

ಚಿಮ್ಮಡದಿಂದ ಈ ತಿಂಗಳು ಒಂದು ಕಾಗದ ಬಂದಿದೆ. ಬಿಳಿಯ ತಟ್ಟೆಯಲ್ಲಿ ಕಂಡ ಕೆಂಪು ಹುಳುಗಳನ್ನು ಎರಡು ಜಾಗಗಳಲ್ಲಿ ಎಣಿಸಿ ಬರೆದಿದ್ದಾಳೆ: ಊರಿನ ಬಚ್ಚಲ ನೀರು ಸೇರುವ ಮೊದಲು, ಸೇರಿದ ಮೇಲೆ. ಎರಡನೆಯ ಸಂಖ್ಯೆ ಬಹಳ ದೊಡ್ಡದು. ಅದನ್ನು ಯಾರಿಗೆ ತೋರಿಸಬೇಕೆಂದು ಕೇಳಿದ್ದಾಳೆ. ಗ್ರಾಮ ಪಂಚಾಯತಿಗೆ, ಎಂದು ಉತ್ತರ ಬರೆದಿದ್ದೇವೆ. ನಮ್ಮ ಹಳ್ಳದ ಎಣಿಕೆ ಇನ್ನೂ ಆಗಿಲ್ಲ. ಬರುವ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಕಾಲುಸಂಕದ ಬಳಿ ಸೇರೋಣ. ಜರಡಿ ನಮ್ಮಲ್ಲಿದೆ, ಬಿಳಿಯ ತಟ್ಟೆ, ಬುತ್ತಿ ಮತ್ತು ಮನೆಯಲ್ಲಿದ್ದರೆ ಅಜ್ಜಿಯನ್ನು ಕರೆತನ್ನಿ.